ಗ್ರಾಫ್ಟನ್ ಬೀದಿಯ ದನಿ, ಊರಿಲ್ಲದ ಹಾಡು

ಎಂ.ಎ. ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬ ಒಂದು ರಾತ್ರಿ ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿ, ‘ಸುಮ್ನೆ ಕೇಳು, ಆಮೇಲೆ ಮಾತಾಡು’ ಎಂದ. ಹಾಡು ‘ಆ್ಯನ್ ಈವ್ನಿಂಗ್ ಐ ವಿಲ್ ನಾಟ್ ಫರ್ಗೆಟ್’. ಹಾಡುತ್ತಿದ್ದವನು ಐರ್ಲೆಂಡಿನ ಡರ್ಮಟ್ ಕೆನಡಿ. ಅರ್ಧಕ್ಕರ್ಧ ಪದಗಳು ನನಗೆ ತಿಳಿಯಲಿಲ್ಲ. ಆದರೆ ಹೇಳಬೇಕಾದ್ದು ಬಹಳ ಇದೆ, ಸಮಯ ಕಡಿಮೆ ಇದೆ ಎಂಬಂತೆ ಒಬ್ಬ ಮನುಷ್ಯ ಮಾತನ್ನು ಒಂದರ ಮೇಲೊಂದು ಪೇರಿಸುತ್ತಿರುವುದು ತಿಳಿಯಿತು. ಆ ಅವಸರವೇ ಹಾಡಿನ ದುಃಖ ಅನ್ನಿಸಿತು. ಮುಂದಿನ ವರ್ಷಗಳಲ್ಲಿ ಅವನ ಎಲ್ಲ ಹಾಡುಗಳ ಪದಗಳನ್ನೂ ಓದಿಕೊಂಡೆ. ವಿಚಿತ್ರವೆಂದರೆ, ತಿಳಿದಷ್ಟೂ ಏನೋ ಕಡಿಮೆಯಾಗುತ್ತಾ ಬಂತು. ಹೀಗೇಕಾಯಿತು ಎಂದು ಯೋಚಿಸುತ್ತಾ ಈ ಬರಹ.

ಕೆನಡಿ ಹುಟ್ಟಿದ್ದು 1991ರಲ್ಲಿ, ಡಬ್ಲಿನ್ ಹೊರವಲಯದ ರಾತ್‌ಕೂಲ್‌ನಲ್ಲಿ. ಮೇನೂತ್ ವಿಶ್ವವಿದ್ಯಾಲಯದಲ್ಲಿ ಶಾಸ್ತ್ರೀಯ ಸಂಗೀತ ಓದಿದ. ಆದರೆ ಅವನ ದನಿ ಪಳಗಿದ್ದು ಡಬ್ಲಿನ್‌ನ ಗ್ರಾಫ್ಟನ್ ಬೀದಿಯಲ್ಲಿ ಎಂದು ನನಗನ್ನಿಸುತ್ತದೆ. ವಾಹನಗಳಿಲ್ಲದ ಆ ಅಂಗಡಿಬೀದಿಯಲ್ಲಿ ಗಿಟಾರ್ ಹಿಡಿದು ಹಾಡುವವರ ದೊಡ್ಡ ಪರಂಪರೆಯೇ ಇದೆ. ‘ವನ್ಸ್’ ಸಿನಿಮಾದ ಗ್ಲೆನ್ ಹ್ಯಾನ್ಸರ್ಡ್ ಕೂಡ ಅಲ್ಲಿ ಹಾಡಿದವನೇ. ಬೀದಿಯಲ್ಲಿ ಹಾಡುವವನಿಗೆ ಕೇಳುಗ ಟಿಕೆಟ್ ಕೊಂಡು ಬಂದವನಲ್ಲ, ನಡೆದು ಹೋಗುತ್ತಿರುವವನು. ಅವನನ್ನು ನಿಲ್ಲಿಸಲು ಸಿಗುವುದು ನಾಲ್ಕೈದು ಹೆಜ್ಜೆಯಷ್ಟು ಸಮಯ. ಕೆನಡಿಯ ಗಂಟಲಿನ ಆ ಒರಟು ಏರುದನಿ, ಸಾಲು ಮುಗಿಯುವ ಮೊದಲೇ ಮುಂದಿನದಕ್ಕೆ ಕೈಹಾಕುವ ಆತುರ ಎರಡೂ ಈ ಅಭ್ಯಾಸದಿಂದ ಬಂದವು ಎಂದು ನನ್ನ ಊಹೆ.

ಅವನ ಬಗ್ಗೆ ಬರೆಯುವವರೆಲ್ಲ ‘ಜಾನಪದ ಮತ್ತು ಹಿಪ್‌ಹಾಪ್‌ಗಳ ಬೆಸುಗೆ’ ಎನ್ನುತ್ತಾರೆ. ಬೆಸುಗೆ ಎಲ್ಲಿದೆ? ಸುಲಭದ ಉತ್ತರ, ಡ್ರಮ್ಮಿನಲ್ಲಿ. ಕಾನ್ಯೆ ವೆಸ್ಟ್ ಜೊತೆ ದುಡಿದ ನಿರ್ಮಾಪಕ ಮೈಕ್ ಡೀನ್ 2018ರಲ್ಲಿ ಕೆನಡಿಯ ಹಾಡುಗಳನ್ನು ತನ್ನ ಹೆಸರಿನಲ್ಲೇ ಪರಿಚಯಿಸಿದ. ‘ಮೊಮೆಂಟ್ಸ್ ಪಾಸ್ಡ್’ನಲ್ಲಿ ಕತ್ತರಿಸಿ ತಿರುಚಿದ ದನಿಯ ತುಣುಕುಗಳು, ಎದೆಗೆ ಗುದ್ದುವ ಬೀಟ್ ಎಲ್ಲ ಇವೆ. ಆದರೆ ಇವು ಮೇಲಿನ ಅಂಗಿ. ಡ್ರಮ್ ತೆಗೆದು ಬರೀ ಗಿಟಾರ್ ಉಳಿಸಿದರೂ ಅವನ ಒಳ್ಳೆಯ ಹಾಡುಗಳಲ್ಲಿ ಹಿಪ್‌ಹಾಪ್ ಉಳಿಯುತ್ತದೆ. ಏಕೆಂದರೆ ಅದು ಇರುವುದು ಮಾತಿನ ಎಣಿಕೆಯಲ್ಲಿ. ರಾಗ ಎಂಟು ಅಕ್ಷರ ಕೇಳಿದರೆ ಅವನು ಹದಿನಾಲ್ಕು ತುರುಕುತ್ತಾನೆ; ತಾಳ ನಿಲ್ಲು ಎಂದಲ್ಲಿ ನಿಲ್ಲದೆ ದಾಟುತ್ತಾನೆ.

ಐರಿಷ್ ಕಿವಿಗೆ ಇದು ಪೂರ್ತಿ ಪರಕೀಯವೂ ಅಲ್ಲ. ಅಲ್ಲಿನ ‘ಶಾನ್ ನೋಸ್’ ಎಂಬ ಹಳೆಯ ಗಾಯನದಲ್ಲಿ ವಾದ್ಯವಿಲ್ಲ, ಕಟ್ಟುನಿಟ್ಟಿನ ಲಯವಿಲ್ಲ. ಪದ ಹೋದ ಕಡೆ ರಾಗ ಹೋಗುತ್ತದೆ. ನಮ್ಮ ಗಮಕ ವಾಚನ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ರ‍್ಯಾಪ್‌ನಲ್ಲಿ ಬೀಟ್ ಬಿಗಿ, ಶಾನ್ ನೋಸ್‌ನಲ್ಲಿ ಬೀಟೇ ಇಲ್ಲ. ಆದರೆ ಎರಡರಲ್ಲೂ ಯಜಮಾನಿಕೆ ಮಾತಿನದೇ. ನಾನು ಹಾಸ್ಟೆಲಿನಲ್ಲಿ ಅರ್ಥವಾಗದೆಯೂ ಕೇಳಿಸಿಕೊಂಡದ್ದು ಈ ಯಜಮಾನಿಕೆಯನ್ನು.

ಇಲ್ಲಿಂದ ನನ್ನ ತಕರಾರು ಶುರು. ಜಾನಪದಕ್ಕೂ ಹಿಪ್‌ಹಾಪ್‌ಗೂ ಇನ್ನೊಂದು ಸಮಾನ ಗುಣವಿದೆ: ಎರಡೂ ವಿಳಾಸ ಹೇಳುತ್ತವೆ. 1988ರಲ್ಲಿ ಎನ್.ಡಬ್ಲ್ಯೂ.ಎ. ತಂಡ ತನ್ನ ಆಲ್ಬಮ್ಮಿನ ಹೆಸರಿನಲ್ಲೇ ಕಾಂಪ್ಟನ್ ಎಂಬ ಊರನ್ನಿಟ್ಟಿತು. ಇತ್ತ ಪ್ಯಾಟ್ರಿಕ್ ಕ್ಯಾವನಾನ ‘ಆನ್ ರಾಗ್ಲನ್ ರೋಡ್’ ಕವಿತೆಯನ್ನು ಲ್ಯೂಕ್ ಕೆಲ್ಲಿ ಹಾಡಿದ ಮೇಲೆ ಡಬ್ಲಿನ್‌ನ ಒಂದು ರಸ್ತೆ ಲೋಕಕ್ಕೆಲ್ಲ ಪ್ರೇಮಭಂಗದ ಹೆಸರಾಯಿತು. ಆ ಹಾಡಿನಲ್ಲಿ ಗ್ರಾಫ್ಟನ್ ಬೀದಿಯೂ ಬರುತ್ತದೆ. ಅದೇ ಬೀದಿಯಲ್ಲಿ ನಿಂತು ಹಾಡಿದ ಕೆನಡಿಯ ಹಾಡುಗಳಲ್ಲಿ ನಾನು ಆ ಬೀದಿಯನ್ನು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದು ಮಳೆ, ಕತ್ತಲು, ಹಕ್ಕಿಗಳು, ಮತ್ತು ‘ನೀನು’. ಯಾವ ಊರಿನ ಮಳೆ? ಯಾರು ಈ ‘ನೀನು’? ಬೋಸ್ಟನ್, ರೋಮ್ ಎಂಬ ಶೀರ್ಷಿಕೆಗಳಿವೆ, ನಿಜ. ಆದರೆ ದೂರದ ಊರಿನ ಹೆಸರು ಕನಸಿನಂತೆ ಕೇಳುತ್ತದೆ. ಮನೆಪಕ್ಕದ ಬೀದಿಯ ಹೆಸರು ಸಾಕ್ಷಿಯಂತೆ.

‘ಊರು ಹೇಳದಿದ್ದರೆ ಏನಂತೆ? ಅದರಿಂದಲೇ ಎಲ್ಲರೂ ತಮ್ಮ ದುಃಖವನ್ನು ಆ ಹಾಡಿನಲ್ಲಿ ಇಟ್ಟುಕೊಳ್ಳಬಹುದಲ್ಲ’ ಎಂದು ಅದೇ ಗೆಳೆಯ ಈಚೆಗೆ ವಾದಿಸಿದ. ಮಾತಿನಲ್ಲಿ ಹುರುಳಿದೆ. 2019ರ ‘ವಿದೌಟ್ ಫಿಯರ್’ ಐರ್ಲೆಂಡ್, ಬ್ರಿಟನ್ ಎರಡರಲ್ಲೂ ಮೊದಲ ಸ್ಥಾನಕ್ಕೇರಿದ್ದರ ಹಿಂದೆ ಈ ತೆರವೂ ಇರಬಹುದು. ಆದರೆ ಅವನ ಅವಸರದ ಮಾತು ನಮ್ಮನ್ನು ಹಿಡಿದದ್ದು ಒಂದು ನಿರ್ದಿಷ್ಟ ಸಂಜೆಯನ್ನು ಒಬ್ಬ ಮರೆಯಲಾರ ಎಂಬ ನಂಬಿಕೆಯ ಮೇಲೆ. ‘ಔಟ್‌ನಂಬರ್ಡ್’ನಂಥ ಹಾಡಿಗೆ ಬರುವಾಗ ಪಲ್ಲವಿ ಹಿಗ್ಗಿ ಕ್ರೀಡಾಂಗಣದ ಅಳತೆಗೆ ಬಂದಿದೆ. ಸಾವಿರಾರು ಜನ ಒಟ್ಟಿಗೆ ಹಾಡಬೇಕಾದರೆ ಪದ ಕಡಿಮೆಯಾಗಬೇಕು, ಸಾಲು ತಾಳದ ಮೇಲೇ ನಿಲ್ಲಬೇಕು. ತುರುಕಿದ ಅಕ್ಷರಗಳು ಮೊದಲು ಹೋದವು. ಅವುಗಳ ಜೊತೆ ಹಿಪ್‌ಹಾಪ್ ಹೋಯಿತು. ಡ್ರಮ್ ಮಾತ್ರ ಉಳಿಯಿತು.

2022ರ ಆಲ್ಬಮ್ಮಿಗೆ ಅವನಿಟ್ಟ ಹೆಸರು ‘ಸಾಂಡರ್’. ಎದುರು ಹಾಯುವ ಪ್ರತಿ ಅಪರಿಚಿತನಿಗೂ ನಮ್ಮದರಷ್ಟೇ ಸಿಕ್ಕುಸಿಕ್ಕಾದ ಬದುಕಿದೆ ಎಂಬ ಅರಿವಿಗೆ ಜಾನ್ ಕೋನಿಗ್ ಎಂಬ ಲೇಖಕ ಟಂಕಿಸಿದ ಪದ ಅದು. ಬೀದಿಯಲ್ಲಿ ವರ್ಷಗಟ್ಟಲೆ ಅಪರಿಚಿತರ ಮುಖ ನೋಡುತ್ತಾ ಹಾಡಿದವನಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ಆದ್ದರಿಂದಲೇ ನಿರಾಸೆ ಹೆಚ್ಚು: ಆ ಅಪರಿಚಿತರಲ್ಲಿ ಒಬ್ಬರಾದರೂ ಹೆಸರು, ಅಂಗಿಯ ಬಣ್ಣ, ಕೈಚೀಲ ಸಮೇತ ಹಾಡಿನೊಳಗೆ ಬರಲಿಲ್ಲ.

ಹಾಗಿದ್ದೂ ಅದೇ ಆಲ್ಬಮ್ಮಿನ ‘ಇನೊಸೆನ್ಸ್ ಆ್ಯಂಡ್ ಸ್ಯಾಡ್‌ನೆಸ್’ ಬಂದಾಗ ನಾನು ಈಗಲೂ ಕೈಲಿರುವ ಕೆಲಸ ಬಿಡುತ್ತೇನೆ. ಅಬ್ಬರವೆಲ್ಲ ಹಿಂದೆ ಸರಿದು ಪಿಯಾನೋದ ಪಕ್ಕ ಆ ಒರಟು ದನಿ ಮಾತ್ರ ಉಳಿಯುತ್ತದೆ. ಮಾತು ಮತ್ತೆ ತನ್ನ ಉಸಿರಿನಲ್ಲಿ ನಡೆಯುತ್ತದೆ. ಅದನ್ನು ಗೆಳೆಯನಿಗೆ ಕಳಿಸಿದೆ. ‘ನೀನೇ ಅಲ್ವಾ ಬೈತಿದ್ದಿದ್ದು?’ ಎಂದು ಉತ್ತರ ಬಂತು. ಬೈದದ್ದು ಹೌದು. ಇಷ್ಟು ಬಲ್ಲವನು ಅಷ್ಟಕ್ಕೇ ನಿಂತ ಎಂಬ ಸಿಟ್ಟು ಅದು. ರಾತ್‌ಕೂಲ್‌ನ ಯಾವುದಾದರೂ ತಿರುವು, ಗ್ರಾಫ್ಟನ್ ಬೀದಿಯ ಯಾವುದಾದರೂ ಮುಖ ಮುಂದಿನ ಹಾಡಿನಲ್ಲಿ ಇದ್ದೀತೆಂದು ಇನ್ನೂ ಕೇಳುತ್ತಿದ್ದೇನೆ.