ಬಿಚ್ಚಿದ ಮುಡಿಯನ್ನು ಮರೆತ ಓದು

ರನ್ನನ ಗದಾಯುದ್ಧದ ಮಾತು ಬಂದರೆ ನಮ್ಮ ವಿಮರ್ಶೆ ನೇರ ರಣಭೂಮಿಗೇ ನುಗ್ಗುತ್ತದೆ. ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನ, ಅವನ ಛಲ, ಅವನ ಅಳಲು. ಪಿಯುಸಿ ಮಕ್ಕಳು ಓದಿದ್ದೂ ‘ದುರ್ಯೋಧನ ವಿಲಾಪ’ವನ್ನೇ. ಭೀಮನನ್ನು ಹೊಗಳಲು ಹೊರಟ ಕವಿ ಪ್ರತಿನಾಯಕನಿಗೆ ಮನಸೋತ, ಕಾವ್ಯ ಅವನ ಕೈಮೀರಿ ಟ್ರ್ಯಾಜಿಡಿಯಾಯಿತು ಎಂಬ ತೀರ್ಪು ನಮ್ಮಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ. ನನಗೆ ಅದು ಅರ್ಧ ಓದು.

ವಿಜಯಪುರ ಜಿಲ್ಲೆಯ ಇಟ್ಟಂಗಿಹಾಳದಲ್ಲಿ ಕೂತು ಓದುವ ನನಗೆ ರನ್ನ ಪರವೂರಿನವನಲ್ಲ. 1997ರಲ್ಲಿ ಬಾಗಲಕೋಟೆ ಬೇರೆಯಾಗುವವರೆಗೆ ಅವನ ಮುಧೋಳ ನಮ್ಮ ಜಿಲ್ಲೆಯದೇ. ಜಗಳಕ್ಕೆ ಆ ಸಲುಗೆಯೂ ಒಂದು ಕಾರಣ ಇರಬಹುದು.

ದುರಂತನಾಯಕನ ಓದಿಗೆ ಬಲ ಬಂದದ್ದು ಬಿಎಂಶ್ರೀ ಅವರಿಂದ. ಗದಾಯುದ್ಧವನ್ನು ನಾಟಕವಾಗಿಸಿದವರು ಅವರು; ಸೊಫೊಕ್ಲಿಸನ ‘ಅಯಾಸ್’ ಅನ್ನು ‘ಅಶ್ವತ್ಥಾಮನ್’ ಮಾಡಿದವರೂ ಅವರೇ. ಆ ಕಣ್ಣು ದೊಡ್ಡದು, ಅದರ ಋಣ ನನ್ನ ಮೇಲೂ ಇದೆ. ಆದರೆ ಗ್ರೀಕ್ ಕಣ್ಣಿಗೆ ಬೀಳುವುದು ಬೀಳುವ ನಾಯಕ. ಅವನು ಯಾವ ಗುರುತುಗಳ ನಡುವೆ ಬೀಳುತ್ತಾನೆ ಎಂಬುದಲ್ಲ. ದುರ್ಯೋಧನನ ಹಿರಿಮೆ ತಿಳಿಯಲು ಗ್ರೀಕರೇ ಬೇಕಿಲ್ಲ. ಶತ್ರುವಿನ ಕುಲ, ಪರಾಕ್ರಮ, ವಿದ್ಯೆಗಳನ್ನು ಹೊಗಳಿ ಆಮೇಲೆ ಅವನನ್ನು ಸೋಲಿಸಿದರೆ ನಾಯಕನ ಹಿರಿಮೆ ಹೆಚ್ಚುತ್ತದೆ ಎಂದು ದಂಡಿ ಕಾವ್ಯಾದರ್ಶದಲ್ಲಿ ಎಂದೋ ಹೇಳಿದ್ದಾನೆ. ದುರ್ಯೋಧನನ ಹಿರಿಮೆ ಕವಿಯ ಕೈತಪ್ಪಿದ್ದಕ್ಕೆ ಸಾಕ್ಷಿಯಲ್ಲ, ಕಸುಬಿನ ಭಾಗ.

ಇನ್ನು ಗುರುತುಗಳು. ಮೊದಲ ಆಶ್ವಾಸದಲ್ಲೇ ದ್ರೌಪದಿ ಭೀಮನೆದುರು ನಿಲ್ಲುತ್ತಾಳೆ. ಸಂಧಿಯಾಗಿಬಿಟ್ಟೀತೆಂಬ ಅಂಜಿಕೆ ಅವಳಿಗೆ. ದ್ಯೂತದ ಸಭೆಯಲ್ಲಿ ದುಶ್ಶಾಸನ ಎಳೆದ ಮುಡಿ ಸೇಡು ತೀರದೆ ಇನ್ನೂ ಬಿಚ್ಚಿದೆ. ನಮ್ಮ ಕಡೆ ಹೆಣ್ಣುಮಗಳು ತಲೆ ಬಿಚ್ಚಿಕೊಂಡು ಕುಂತರೆ ಏನಂತ ಯಾರೂ ಕೇಳೂದಿಲ್ಲ, ಮನೆ ಸುಮ್ಮನಾಗ್ತದ. ಹಿಂದಿನ ಕಥೆಯನ್ನು ತಿರುಗಿ ನೋಡುವ ರನ್ನನ ಸಿಂಹಾವಲೋಕನ ಕ್ರಮವನ್ನು ಎಲ್ಲರೂ ಮೆಚ್ಚುತ್ತೇವೆ. ಆದರೆ ಸಿಂಹ ತಿರುಗಿ ನೋಡಿದ್ದು ಯಾವುದನ್ನು? ಆ ಸಭೆಯನ್ನು, ಆ ಮುಡಿಯನ್ನು. ಅಲ್ಲಿ ದುರ್ಯೋಧನ ತೋರಿಸಿದ ತೊಡೆಯೇ ಇಲ್ಲಿ ಮುರಿಯುತ್ತದೆ. ಸೊಂಟದ ಕೆಳಗೆ ಹೊಡೆಯಬಾರದೆಂಬ ಗದೆಯ ಕಟ್ಟಳೆ ಮುರಿದದ್ದು ನಿಜ. ಆದರೆ ಈ ಕಾವ್ಯದಲ್ಲಿ ತೊಡೆ ಬರೀ ಅಂಗವಲ್ಲ, ಮುಡಿಗೆ ಎದುರಾಗಿ ಇಟ್ಟ ಒತ್ತೆ.

ವಿಲಾಪದ ಮಹತ್ವವನ್ನು ನಾನು ಅಲ್ಲಗಳೆಯುವುದಿಲ್ಲ. ಶತ್ರುವಿನ ಮಗ ಅಭಿಮನ್ಯುವಿಗೆ ಕೈಮುಗಿದು ಅಂಥ ಸಾವು ತನಗೂ ಬರಲೆನ್ನುವ ದುರ್ಯೋಧನನಿಗೆ ನಾನೂ ಕರಗಿದವನೇ. ಆದರೆ ಅದೇ ದಾರಿಯಲ್ಲಿ ದುಶ್ಶಾಸನನ ಹೆಣವೂ ಇದೆ. ಆ ಎದೆ ಯಾಕೆ ಬಗೆದಿದೆ? ಅಣ್ಣ ಅಳುತ್ತಿರುವಾಗಲೇ ಕಾವ್ಯ ನಮ್ಮನ್ನು ಮತ್ತೆ ಮುಡಿಗೆ ಎಳೆಯುತ್ತದೆ. ಕರುಣೆಯ ಒಳಗೇ ಅದರ ಲೆಕ್ಕವೂ ಇದೆ. ನಾವು ಅಳುವನ್ನಷ್ಟೇ ಕೇಳಿಸಿಕೊಂಡೆವು.

ಸರೋವರವನ್ನೂ ಹೀಗೆಯೇ ನೋಡಬೇಕು. ವೈಶಂಪಾಯನ ಸರೋವರದೊಳಗೆ ಹಾವಿನ ಪತಾಕೆಯ ದುರ್ಯೋಧನ ಬೆವರುವ ಪದ್ಯ ಎಲ್ಲರ ಬಾಯಲ್ಲಿದೆ. ಚಮತ್ಕಾರವೆಂದು ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತೇವೆ. ಆದರೆ ಗದಾಯುದ್ಧ ‘ಸಾಹಸಭೀಮ’ ಎಂಬ ಬಿರುದಿನ ಸತ್ಯಾಶ್ರಯನಿಗಾಗಿ ಬರೆದ ಕಾವ್ಯ, ಅವನ ಚಾಲುಕ್ಯ ಮನೆತನದ ಲಾಂಛನ ವರಾಹ. ನೀರಿನಿಂದ ಭೂಮಿಯನ್ನೆತ್ತಿದ ಪ್ರಾಣಿಯನ್ನು ಮುದ್ರೆಯಾಗಿ ಹೊತ್ತವರ ಆಸ್ಥಾನದಲ್ಲಿ, ನೀರಲ್ಲಡಗಿದ ದೊರೆಯನ್ನು ಹೊರಗೆ ಬರಿಸಿ ರಾಜ್ಯ ಗೆಲ್ಲುವ ಕಥೆ ಕೇಳುವಾಗ ಆ ವರಾಹ ನೆನಪಾಗದೆ ಇದ್ದೀತೇ? ರನ್ನ ಹೀಗೆಂದು ಬಿಡಿಸಿ ಹೇಳಿದ್ದಾನೆ ಎನ್ನುವುದಿಲ್ಲ, ಇದು ನನ್ನ ಊಹೆ. ಬಳೆಗಾರರ ಮನೆಯ ಮಗನಾದ ರನ್ನನಿಗೆ ಹೆಣ್ಣಿನ ಮೈಮೇಲಿನ ಒಂದೊಂದು ಗುರುತಿನ ಬೆಲೆಯೂ ತಿಳಿದಿತ್ತು ಎಂಬುದೂ ಊಹೆಯೇ, ಆದರೆ ಬಿಡಲು ಮನಸ್ಸಿಲ್ಲ.

ಅವಮಾನದ ಗುರುತನ್ನು ಹೊರುವವರು ಬೇರೆ ಕಾವ್ಯಗಳಲ್ಲೂ ಇದ್ದಾರೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ವೀರಕಾವ್ಯದಲ್ಲಿ ಸರ್ ಗವೈನ್ ಹಸಿರು ನಡುಪಟ್ಟಿಯನ್ನು ತನ್ನ ನಾಚಿಕೆಯ ಗುರುತಾಗಿ ತೊಡುತ್ತಾನೆ. ಆಸ್ಥಾನ ಅದನ್ನೇ ಗೌರವವಾಗಿ ಕಟ್ಟಿಕೊಳ್ಳುತ್ತದೆ. ದ್ರೌಪದಿಗೆ ಆ ಅನುಕೂಲವಿಲ್ಲ. ಅವಳ ಅವಮಾನವನ್ನು ಬೇರೆ ಯಾರೂ ತೊಡಲಾರರು.

ಮುಡಿ ಕಟ್ಟುವ ಗಳಿಗೆಗೆ ಬಂದಾಗ ಕಾವ್ಯ ವಿಲಾಪದಷ್ಟು ಆಳಕ್ಕಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ಒಪ್ಪುತ್ತೇನೆ. ಅದು ರನ್ನನ ಸೋಲು. ಆದರೆ ಕವಿ ಅಲ್ಲಿ ಸೋತನೆಂದು ಹೇಳುವುದಕ್ಕಾದರೂ ಅವನು ಅಲ್ಲಿಗೇ ಹೊರಟಿದ್ದನೆಂದು ನಾವು ಮೊದಲು ಕಾಣಬೇಕಿತ್ತು.