ಜನನ ಮಂಟಪದಲ್ಲಿ ಬಾಣಂತಿ ಕೋಣೆ

ಗುಂಡ್ಲುಪೇಟೆಯಿಂದ ತೆರಕಣಾಂಬಿ ಹಾದು ಚಾಮರಾಜನಗರಕ್ಕೆ ಹೋಗುವ ಬಸ್ಸು, ಇಬ್ಬರು ಮಕ್ಕಳು ತಮ್ಮ ಅಪ್ಪಂದಿರಿಗಾಗಿ ಕಟ್ಟಿಸಿದ ಎರಡು ಕಟ್ಟಡಗಳ ನಡುವೆ ಓಡಾಡುತ್ತದೆ. ಗುಂಡ್ಲುಪೇಟೆಯ ಪರವಾಸುದೇವ ದೇವಾಲಯ ಚಿಕ್ಕದೇವರಾಜ ಒಡೆಯರು ತಂದೆಯ ನೆನಪಿಗೆ ಕಟ್ಟಿಸಿದ್ದು; ತಂದೆ ತೀರಿಕೊಂಡದ್ದು ಅಲ್ಲಿ. ಚಾಮರಾಜನಗರದ ಜನನ ಮಂಟಪ ಮುಮ್ಮಡಿ ಕೃಷ್ಣರಾಜ ಒಡೆಯರದು. ಅವರ ತಂದೆ ಖಾಸಾ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದರ ಗುರುತು. ಒಂದು ಸಾವಿಗೆ, ಇನ್ನೊಂದು ಹುಟ್ಟಿಗೆ.

ಒಮ್ಮೆ ವಿದ್ಯಾರ್ಥಿಗಳೊಂದಿಗೆ ಮಂಟಪಕ್ಕೆ ಹೋಗಿದ್ದೆ. ಒಬ್ಬ ಹುಡುಗಿ ಸುತ್ತ ನೋಡಿ, ‘ಸಾ, ಬಾಣಂತಿ ಕೋಣೆ ಯಾವ್ದು?’ ಎಂದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಎಷ್ಟೋ ಸಲ ಅಲ್ಲಿ ನಿಂತವನು ನಾನು, ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ.

ಕಟ್ಟಡವನ್ನು ಪಠ್ಯದಂತೆ ಓದುವುದಾದರೆ ಜನನ ಮಂಟಪ ಮನೆಯೊಂದನ್ನು ಅಳಿಸಿ ಬರೆದ ಪಠ್ಯ. ಆಗ ಊರು ಅರಿಕುಠಾರ. ಅಲ್ಲಿನ ಅರಸು ಮನೆತನದ ಈ ಮಗು 1776ರಲ್ಲಿ ಹೈದರಾಲಿಯ ಆಯ್ಕೆಯಾಗಿ ಸಿಂಹಾಸನಕ್ಕೆ ಬಂತು. ಆಟಿಕೆಗಳ ರಾಶಿಯಲ್ಲಿ ಬಾಕನ್ನೇ ಎತ್ತಿಕೊಂಡಿತಂತೆ ಎಂಬ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಬಾಕಿನ ಕಥೆ ಉಳಿಯಿತು, ತೊಟ್ಟಿಲಿನದು ಉಳಿಯಲಿಲ್ಲ. 1818ರಲ್ಲಿ ಊರಿನ ಹೆಸರೂ ಹೋಗಿ ಚಾಮರಾಜನಗರವಾಯಿತು. ಮನೆ ಇದ್ದಲ್ಲಿ ಮಂಟಪ, ಊರು ಇದ್ದಲ್ಲಿ ರಾಜನ ಹೆಸರು.

ಇದನ್ನು ಬರೀ ದರ್ಪವೆಂದು ತಳ್ಳಿಹಾಕಲಾರೆ. ಚಾಮರಾಜರು ತೀರಿಕೊಂಡದ್ದು 1796ರಲ್ಲಿ. ಆಗ ಕೃಷ್ಣರಾಜರಿಗೆ ಇನ್ನೂ ಎರಡು ತುಂಬಿರಲಿಲ್ಲ. ಅಪ್ಪನ ಮುಖವೇ ನೆನಪಿಲ್ಲದ ಮಗ ಅಪ್ಪ ಹುಟ್ಟಿದ ಜಾಗವನ್ನು ಹಿಡಿದುಕೊಂಡದ್ದರಲ್ಲಿ ಒಂದು ಸಂಕಟವಿದೆ. ಆದರೆ ಸಂಕಟಕ್ಕೆ ಆತ ಹುಡುಕಿಕೊಂಡ ಭಾಷೆ ಮಂಟಪದ್ದು. ಮಂಟಪದಲ್ಲಿ ದೇವರು ಕೂರುತ್ತಾನೆ, ಹೆಂಗಸು ಹೆರುವುದಿಲ್ಲ.

ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ಇದಕ್ಕೆ ಬೇರೆ ವ್ಯಾಕರಣವಿತ್ತು. ಸ್ಟ್ರಾಟ್‌ಫರ್ಡಿನ ಶೇಕ್ಸ್‌ಪಿಯರ್ ಹುಟ್ಟಿದ ಮನೆ 1847ರಲ್ಲಿ ಹರಾಜಿಗೆ ಬಂದಾಗ ಚಂದಾ ಎತ್ತಿ 3,000 ಪೌಂಡಿಗೆ ಕೊಂಡು ಉಳಿಸಿಕೊಂಡರು. ಅಲ್ಲಿ ‘ಹುಟ್ಟಿದ ಕೋಣೆ’ಯನ್ನೇ ಈಗಲೂ ತೋರಿಸುತ್ತಾರೆ. ಅದರಲ್ಲೂ ಕಟ್ಟುಕತೆಯ ಪಾಲು ಇಲ್ಲದಿಲ್ಲ. ಆದರೂ ಕೋಣೆ ಎಂದ ಮೇಲೆ ಮಂಚ, ಒಲೆ, ತಾಯಿ ಎಲ್ಲ ತಾವಾಗಿ ಬರುತ್ತವೆ.

ನಮ್ಮಲ್ಲಿ ತಾಯಿಯರನ್ನು ನೆನೆಯಲಿಲ್ಲ ಎನ್ನುವಂತೆಯೂ ಇಲ್ಲ. 1826ರ ಚಾಮರಾಜೇಶ್ವರ ಗುಡಿಯಲ್ಲಿ ಅಮ್ಮನವರ ಹೆಸರು ಕೆಂಪನಂಜಾಂಬ. ಕೃಷ್ಣರಾಜರ ತಾಯಿ ಕೆಂಪನಂಜಮ್ಮಣ್ಣಿಯ ಹೆಸರು ಅದು. ಆಕೆಗೆ ದೇವಿಯಾಗಿ ಜಾಗ ಸಿಕ್ಕಿತು. ಅರಿಕುಠಾರದ ಮನೆಯಲ್ಲಿ ಚಾಮರಾಜರನ್ನು ಹೆತ್ತವಳಿಗೆ, ‘ಜನನ’ ಎಂದೇ ಹೆಸರಿಟ್ಟುಕೊಂಡ ಕಟ್ಟಡದ ಹೆಸರಿನಲ್ಲಿ ಜಾಗವಿಲ್ಲ. ಜನನ ಮಂಟಪ ಎಂದರೆ ಹುಟ್ಟಿದ್ದು ಯಾರು ಎಂದು ಕೇಳುತ್ತೇವೆ, ಹೆತ್ತದ್ದು ಯಾರು ಎಂದಲ್ಲ.

ಗುಂಡ್ಲುಪೇಟೆಯ ಗುಡಿ ಕಟ್ಟಿಸಿದ ಚಿಕ್ಕದೇವರಾಜರ ಅರಮನೆಯಲ್ಲೇ ಎಲೆಯಡಿಕೆ ಸಂಚಿ ಹಿಡಿದಿದ್ದವಳು ಯಳಂದೂರಿನ ಹೊನ್ನಮ್ಮ, ಇದೇ ಜಿಲ್ಲೆಯವಳು. ‘ಹದಿಬದೆಯ ಧರ್ಮ’ದಲ್ಲಿ ಪತಿವ್ರತೆಯ ನೇಮಗಳನ್ನು ಹೇಳುತ್ತಲೇ, ಹೆಣ್ಣನ್ನು ಹೀಗಳೆಯುವವರಿಗೆ ಅವರ ತಾಯಿಯನ್ನು ನೆನಪಿಸಿದವಳು. ಮುಂದಿನ ವಾರ ಅದೇ ತರಗತಿಗೆ ಅವಳ ಪದ್ಯಗಳಿವೆ. ಬಾಣಂತಿ ಕೋಣೆ ಕೇಳಿದ ಹುಡುಗಿಯಿಂದಲೇ ಮೊದಲು ಓದಿಸಬೇಕೆಂದಿದ್ದೇನೆ.