ಚಾಸಿ ನೆಟ್ಟಗಿದ್ದರೆ ಸಾಕು

ಮಾಗಡಿ ಕಡೆಯ ಮಾವಿನ ತೋಟಗಳಲ್ಲಿ ಕೆಟ್ಟು ನಿಂತ ಹಳೇ ಜೀಪು ಕಂಡರೆ ನಾನು ಅದರ ಬಾಡಿ ನೋಡುವುದಿಲ್ಲ. ಬಾಡಿಯನ್ನು ತುಕ್ಕು ತಿಂದಿರುತ್ತದೆ, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿರುತ್ತದೆ. ಮಂಡಿಯೂರಿ ಕೆಳಗೆ ಚಾಸಿ ನೋಡುತ್ತೇನೆ. ಎರಡು ಉದ್ದನೆಯ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿಗಳು, ನಾಲ್ಕು ಚಕ್ರಕ್ಕೂ ಕಮಾನು ಪಟ್ಟಿ. ಇಷ್ಟು ನೆಟ್ಟಗಿದ್ದರೆ ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾದರಿಯ ಒಂದು ‘ಸ್ಪೆಷಲ್’ ಕಾರನ್ನು ಮನೆಯ ಶೆಡ್ಡಿನಲ್ಲೇ ಕಟ್ಟಲು ಅರ್ಧ ಸಾಮಾನು ಸಿಕ್ಕಿತು ಎಂದೇ ಲೆಕ್ಕ.

ಸ್ಪೆಷಲ್ ಎಂದರೆ ಯಾವ ಕಂಪನಿಯೂ ಮಾಡದ ಕಾರು. ಸಾಧಾರಣ ಗಾಡಿಯೊಂದರ ಬಾಡಿ ಕಳಚಿ, ಚಾಸಿ ಉಳಿಸಿಕೊಂಡು, ಮೇಲೆ ಎರಡು ಸೀಟಿನ ಹಗುರವಾದ ಮೈ ಕಟ್ಟುವುದು. ಆ ಕಾಲಕ್ಕೆ ಇದು ವಿಚಿತ್ರವೇನಲ್ಲ. ರೋಲ್ಸ್‌ರಾಯ್ಸ್ ಕೂಡ ಬರೀ ಚಾಸಿ ಮಾರುತ್ತಿತ್ತು. ಬಾಡಿ ಕಟ್ಟುವವರೇ ಬೇರೆ. ನಮ್ಮ ಲಾರಿಗಳು ಇವತ್ತಿಗೂ ಹಾಗೇ ಅಲ್ಲವೇ? ಕಂಪನಿಯಿಂದ ಬೋಳು ಚಾಸಿ ಬರುತ್ತದೆ, ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್ ಅದನ್ನು ಬಿಸಿಲು ಗಾಳಿಯಲ್ಲಿ ಓಡಿಸಿಕೊಂಡು ಬಂದು ಬಾಡಿ ಕಟ್ಟುವ ಶೆಡ್ಡಿಗೆ ಒಪ್ಪಿಸುತ್ತಾನೆ. ಈ ಒಂದು ವಿಷಯದಲ್ಲಿ ಮಹಾರಾಜರ ರೋಲ್ಸ್‌ರಾಯ್ಸೂ ಮರಳು ಲಾರಿಯೂ ದಾಯಾದಿಗಳೇ.

ಇಂಗ್ಲೆಂಡಿನಲ್ಲಿ ಈ ಹುಚ್ಚು ಬೆಳೆದದ್ದು ಆಸ್ಟಿನ್ ಸೆವೆನ್ ಎಂಬ ಪುಟ್ಟ ಕಾರಿನ ಮೇಲೆ. 747 ಸಿಸಿಯ ಎಂಜಿನ್. 1922ರಿಂದ 1939ರ ತನಕ ಸುಮಾರು 2.9 ಲಕ್ಷ ಕಾರು ಹೊರಬಂದವು. ಅದು ಹುಟ್ಟಿದ್ದೂ ಒಂದರ್ಥದಲ್ಲಿ ಮನೆಯಲ್ಲೇ. ಸಣ್ಣ ಕಾರು ಬೇಡವೆಂದು ಕಂಪನಿಯ ನಿರ್ದೇಶಕರು ಹಟ ಹಿಡಿದಾಗ, ಹರ್ಬರ್ಟ್ ಆಸ್ಟಿನ್ ಹದಿನೆಂಟರ ಹುಡುಗ ಸ್ಟ್ಯಾನ್ಲಿ ಎಡ್ಜ್‌ನನ್ನು ಮನೆಗೆ ಕರೆಸಿ, ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ ನಕ್ಷೆ ಬರೆಸಿದ. ಯುದ್ಧದ ನಂತರ ಹಳೇ ಸೆವೆನ್‌ಗಳು ಸಸ್ತಾದಾಗ ಹುಡುಗರು ಮುಗಿಬಿದ್ದರು. ಅವರಲ್ಲೊಬ್ಬ ಕಾಲಿನ್ ಚಾಪ್ಮನ್. ಮದುವೆಯಾಗಲಿದ್ದ ಹುಡುಗಿಯ ಅಪ್ಪ ಅಮ್ಮನ ಮನೆ ಹಿಂದಿನ ಗ್ಯಾರೇಜಿನಲ್ಲಿ ಪ್ಲೈವುಡ್ ಬಾಡಿ ಕಟ್ಟಿದ; 1948ರ ಆ ಕಾರೇ ಮೊದಲ ಲೋಟಸ್. ತಮಾಷೆಯೆಂದರೆ, ಬೇರೊಬ್ಬರ ಚಾಸಿಯಿಂದ ಬದುಕು ಶುರು ಮಾಡಿದ ಇದೇ ಚಾಪ್ಮನ್ 1962ರಲ್ಲಿ ಲೋಟಸ್ 25 ತಂದು ಫಾರ್ಮುಲಾ ಒನ್ ಕಾರಿನಿಂದ ಚಾಸಿಯನ್ನೇ ಎತ್ತಿಹಾಕಿದ. ಮೈಯೇ ಮೂಳೆಯಾಯಿತು.

ಅದೇ ಬದಲಾವಣೆ ನಮ್ಮ ಬಿಡದಿಗೂ ಬಂದಿದೆ. ಟೊಯೋಟಾ ಕಾರ್ಖಾನೆಯಿಂದ ಹೊರಟ ಕ್ವಾಲಿಸ್, ಇನ್ನೋವಾ, ಕ್ರಿಸ್ಟಾ ಎಲ್ಲವೂ ಏಣಿಯಂಥ ಚಾಸಿಯ ಮೇಲೆ ಕೂತ ಗಾಡಿಗಳು. 2022ರಲ್ಲಿ ಕಂಡ ಇನ್ನೋವಾ ಹೈಕ್ರಾಸ್‌ಗೆ ಆ ಚಾಸಿ ಇಲ್ಲ. ಓಡಿಸುವವರಿಗೆ ಅದರಿಂದ ಸುಖವೇ ಹೆಚ್ಚು, ನಾನು ತಕರಾರು ಮಾಡುವುದಿಲ್ಲ. ಆದರೆ ಐವತ್ತು ವರ್ಷ ಕಳೆದ ಮೇಲೆ ಅದರ ಬಾಡಿ ಕಳಚಿ ಏನನ್ನಾದರೂ ಕಟ್ಟೋಣವೆಂದರೆ ಕೈಗೆ ಉಳಿಯುವುದು ಗುಜರಿ ಮಾತ್ರ.

ಜೀಪೇ ಯಾಕೆ ಎನ್ನುತ್ತೀರಿ. ಆಸ್ಟಿನ್ ಸೆವೆನ್ ಅನ್ನು ಲೈಸೆನ್ಸ್ ಪಡೆದು ಅಮೆರಿಕದ ಪೆನ್ಸಿಲ್ವೇನಿಯಾದ ಬಟ್ಲರ್ ಊರಿನಲ್ಲಿ ಮಾಡುತ್ತಿದ್ದ ಕಂಪನಿ ಮುಂದೆ ಅಮೆರಿಕನ್ ಬ್ಯಾಂಟಮ್ ಆಯಿತು. 1940ರಲ್ಲಿ ಅಲ್ಲಿನ ಸೈನ್ಯ ಒಂದು ಸಣ್ಣ ಗಾಡಿ ಬೇಕೆಂದಾಗ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್‌ನಿಂದ ನಕ್ಷೆ ಬರೆಸಿ, ಮೊದಲ ಜೀಪನ್ನು ಓಡಿಸಿ ತೋರಿಸಿದ್ದು ಇದೇ ಬ್ಯಾಂಟಮ್. ದೊಡ್ಡ ಆರ್ಡರ್ ವಿಲ್ಲೀಸ್ ಪಾಲಾಯಿತು, ಅಲ್ಲಿಂದ ಮಹೀಂದ್ರಾಗೆ ಬಂತು, ಮಹೀಂದ್ರಾದಿಂದ ಮಾಗಡಿಯ ತೋಟಕ್ಕೆ. ಮೊದಲ ಸೆವೆನ್‌ನ ಮುಂದಿನ ಹಿಂದಿನ ಆಕ್ಸೆಲ್‌ಗಳ ಅಂತರ 75 ಇಂಚು. ನಮ್ಮ ತೋಟಗಳಲ್ಲಿ ಸಿಗುವ ಮಹೀಂದ್ರಾ ಸಿಜೆ 3ಬಿ ಜೀಪಿನದು 80. ಹಾಗಾಗಿ ಜೀಪಿನ ಚಾಸಿಯ ಮೇಲೆ ಹಳೇ ಶೈಲಿಯ ಸ್ಪೆಷಲ್ ಕಟ್ಟಿದರೆ ವಂಶಕ್ಕೆ ಕಳಂಕವೇನಿಲ್ಲ.

ಇನ್ನು ಅಂದದ ಮಾತು. ಹಿತ್ತಾಳೆ ಹಾರ್ನ್, ಗುಂಡು ದೀಪ, ಬಾನೆಟ್ಟಿಗೆ ಚರ್ಮದ ಬೆಲ್ಟು ಇವನ್ನೆಲ್ಲ ಹೇರಿದರೆ ಹಳೇ ಕಾರು ಆಗುವುದಿಲ್ಲ, ಮದುವೆ ಮೆರವಣಿಗೆಯ ಗಾಡಿಯಾಗುತ್ತದೆ. ಆ ಕಾಲದ ಕಳೆ ಇರುವುದು ಯಾವುದು ಎಲ್ಲಿ ಕೂತಿದೆ ಎಂಬುದರಲ್ಲಿ. ರೇಡಿಯೇಟರ್ ಮುಂದಿನ ಆಕ್ಸೆಲ್‌ನ ನೇರಕ್ಕೆ, ಇಲ್ಲವೇ ಒಂದು ಗೇಣು ಹಿಂದಕ್ಕೆ ನಿಲ್ಲಬೇಕು. ಎಂಜಿನ್ ಅದರ ಹಿಂದೆ. ಓಡಿಸುವವನ ಬೆನ್ನು ಹಿಂದಿನ ಆಕ್ಸೆಲ್‌ಗೆ ತಾಗುವಷ್ಟು ಹತ್ತಿರ. ಆಗ ಬಾನೆಟ್ ತಾನೇ ಉದ್ದವಾಗುತ್ತದೆ. ಸಿಜೆ 3ಬಿಯ ಬಾನೆಟ್ ಅಷ್ಟು ಎತ್ತರವಿರುವುದು ಅದರ ಹರಿಕೇನ್ ಎಂಜಿನ್ ಎತ್ತರವಾದ್ದರಿಂದ. ಅದನ್ನೇ ಇಟ್ಟುಕೊಂಡರೆ ಸ್ಪೆಷಲ್‌ಗೆ ಗೂನು ಬರುತ್ತದೆ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್ ಚಿಕ್ಕದು, ಹಿಂದಕ್ಕೆ ಸರಿಸಲು ಸುಲಭ, ಅದರ ಮೈ ತಿಳಿದ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಸೀಟು ಹಿಂದಕ್ಕೆ ಹೋದಂತೆ ಸ್ಟೇರಿಂಗ್ ರಾಡು ಸಾಲುವುದಿಲ್ಲ. ಅದಕ್ಕೆ ತುಂಡು ಸೇರಿಸಿ ವೆಲ್ಡಿಂಗ್ ಹಾಕಿಕೊಡುತ್ತೇನೆ ಎನ್ನುವವರು ಎಷ್ಟೇ ನಿಪುಣರಿರಲಿ, ಕೈಮುಗಿದು ಬೇಡ ಎನ್ನಿ. ಸರಿಯಾದ ಉದ್ದದ ರಾಡು, ಯೂನಿವರ್ಸಲ್ ಜಾಯಿಂಟ್, ಅಷ್ಟೇ.

ಚಕ್ರದ ಆಸೆ ಎಲ್ಲರನ್ನೂ ಕೆಡಿಸುತ್ತದೆ. ಸೆವೆನ್‌ಗಿದ್ದದ್ದು 19 ಇಂಚಿನ ಕಡ್ಡಿ ಚಕ್ರ, ಹಳೇ ಬುಲೆಟ್ ಬೈಕಿನದೂ 19 ಇಂಚೇ. ಹಾಕಿಬಿಡೋಣ ಎನಿಸುತ್ತದೆ. ಆದರೆ ಬೈಕು ತಿರುವಿನಲ್ಲಿ ವಾಲುತ್ತದೆ, ಭಾರ ಕಡ್ಡಿಯ ನೇರಕ್ಕೇ ಬೀಳುತ್ತದೆ. ಕಾರು ವಾಲಿಕೊಳ್ಳುವುದಿಲ್ಲ, ಚಕ್ರವನ್ನು ಅಡ್ಡಕ್ಕೆ ತಳ್ಳುತ್ತದೆ, ಬೈಕಿನ ಕಡ್ಡಿಗಳು ಅದಕ್ಕೆ ಮಾಡಿದವಲ್ಲ. ಜೀಪಿನ 16 ಇಂಚಿನ ಉಕ್ಕಿನ ಚಕ್ರವೇ ಇರಲಿ.

ಮೈಯ ಕೆಲಸಕ್ಕೆ ನಮ್ಮ ಸೀಮೆಯಷ್ಟು ಅನುಕೂಲ ಇಂಗ್ಲೆಂಡಿನಲ್ಲೂ ಇರಲಿಕ್ಕಿಲ್ಲ. ಅಲ್ಲಿ ಚೌಕಟ್ಟಿಗೆ ಆಶ್ ಮರ. ಇಲ್ಲಿ ಹೊನ್ನೆ ಅಥವಾ ತೇಗ ಸಾಕು. ಚನ್ನಪಟ್ಟಣ ಪಕ್ಕದಲ್ಲೇ ಇದೆಯೆಂದು ಆಟಿಕೆಯ ಹಾಲೆ ಮರವನ್ನು ಚೌಕಟ್ಟಿಗೆ ಹಾಕುವ ಮಾತು ಬೇಡ. ಅದು ಮೃದು, ಕಡೆಯಲೆಂದೇ ಹುಟ್ಟಿದ ಮರ. ಗೇರ್ ಗುಬ್ಬಿ, ಡ್ಯಾಶ್‌ಬೋರ್ಡಿನ ಗುಬ್ಬಿಗಳನ್ನು ಮಾತ್ರ ಅಲ್ಲೇ ಕಡೆಸಿ, ಅರಗು ಹಚ್ಚಿಸಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ಗರಿ ಒತ್ತಿ ಹೊಳಪು ಕೊಡುತ್ತಾರೆ. ಬಿಸಿಗೆ ಹಿಡಿದದ್ದು ಬಿಸಿಗೇ ಬಿಡುತ್ತದೆ, ಆದ್ದರಿಂದ ರೇಡಿಯೇಟರ್ ಮುಚ್ಚಳಕ್ಕೆ ಆ ಚೆಂದ ಬೇಡ.

ಚೌಕಟ್ಟಿನ ಮೇಲೆ ತಗಡೇ ಆಗಬೇಕೆಂದಿಲ್ಲ. 1920ರ ದಶಕದಲ್ಲಿ ಚಾರ್ಲ್ಸ್ ವೇಮನ್ ಎಂಬ ವಿಮಾನ ಹಾರಿಸುವವನು, ಮರದ ತುಂಡುಗಳು ಒಂದಕ್ಕೊಂದು ತಾಗದಂತೆ ನಡುವೆ ಲೋಹದ ಪಟ್ಟಿಯಿಟ್ಟು ಕೂಡಿಸಿ, ಮೇಲೆ ಬಟ್ಟೆ ಎಳೆದು ಬಿಗಿಯುವ ಬಾಡಿ ಕಂಡುಹಿಡಿದ. ಚಾಸಿ ತಿರುಚಿದರೂ ಕಿರುಗುಟ್ಟುವುದಿಲ್ಲ. ನನಗೆ ಇದೇ ಇಷ್ಟ. ಟಿಂಕರ್ ಸುತ್ತಿಗೆಯ ಕೆಲಸ ತಪ್ಪುತ್ತದೆ, ಕನಕಪುರದಲ್ಲಿ ಆಟೋ ಟಾಪು ಹೊಲಿಯುವವರ ಕೈಗೆ ರೆಕ್ಸಿನ್ ಕೊಟ್ಟರೆ ಆ ಬಿಗಿತ ಅವರಿಗೆ ನೀರು ಕುಡಿದಷ್ಟು ಸಲೀಸು. ಮಳೆಗಾಲದಲ್ಲಿ ಮಾತ್ರ ಶೆಡ್ಡಿನೊಳಗಿರಬೇಕು, ಒಳಗಿನ ಮರ ಕೊಳೆಯುತ್ತದೆ.

ಒಂದು ಕಟ್ಟಪ್ಪಣೆ: ನಿಜವಾದ ಹಳೇ ಕಾರು ಪೂರ್ತಿಯಾಗಿ ಸಿಕ್ಕರೆ ಗರಗಸ ಮುಟ್ಟಿಸಬೇಡಿ. ಕಾನೂನೂ ಅದನ್ನೇ ಹೇಳುತ್ತದೆ. 2021ರ ನಿಯಮದಂತೆ ವಿಂಟೇಜ್ ಎಂದು ‘ವಿಎ’ ನಂಬರು ಸಿಗುವುದು ಐವತ್ತು ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಉಳಿದ ಗಾಡಿಗೆ. ಶುಲ್ಕ 20,000 ರೂಪಾಯಿ. ನಮ್ಮ ಸ್ಪೆಷಲ್‌ಗೆ ಆ ಬಾಗಿಲು ಮುಚ್ಚಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿಯ ವಿವರಗಳನ್ನು ಬದಲಿಸಲು ಬಿಡುವುದಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಜೀಪು ಕಳಚಿದ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಿ ಆರ್‌ಸಿ ಒಪ್ಪಿಸಿಬಿಡಿ. ಆಮೇಲೆ ಇದು ತೋಟದ ದಾರಿಯ ಕಾರು, ಹೆದ್ದಾರಿಯದಲ್ಲ. ಸಾವನದುರ್ಗದ ಬುಡದ ತೋಟಗಳಲ್ಲಿ ಇಳಿಜಾರು ಕಡಿಮೆಯೇನಿಲ್ಲ. ಸೆವೆನ್‌ನ ಕೇಬಲ್ ಬ್ರೇಕಿಗೆ ಕಾರು ನಿಂತರೆ ಅದು ದೇವರ ದಯೆ ಎನ್ನುವ ಹೆಸರಿತ್ತು. ಜೀಪಿಗೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಇದೆ. ಪೇಂಟಿನ ಬಣ್ಣ ಆರಿಸುವ ಮೊದಲು ಅದರ ಸಿಲಿಂಡರ್‌ಗಳನ್ನೂ ಪೈಪುಗಳನ್ನೂ ಹೊಸದಾಗಿ ಹಾಕಿಸಿ.